ಹೊಲಕ್ಕೆ ಹೊಡೆಯುವ ‘ಔಷಧಿ’ಗೆ ಬೇರೆ ಮಾತು ಇದೆಯೇ?

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿ ಕಡೆ. ಬೆಳೆಗೆ ಔಷಧಿ ಹೊಡೆಯುವ ವಿಮಾನ ಬಿದ್ದರೆ ತನಿಖೆ ಹೇಗೆ ನಡೆಯುತ್ತದೆ ಅಂತ ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ‘ಔಷಧಿ’ ಅನ್ನೋ ಪದವೇ ಕಾಲಿಗೆ ತೊಡರುತ್ತಿದೆ.

ಅಮೆರಿಕದಲ್ಲಿ ಇಂಥ ಅಪಘಾತದಲ್ಲಿ ಪೈಲಟ್ ಸತ್ತರೆ ದೇಹದ ಮಾದರಿ ತೆಗೆದು ಪರೀಕ್ಷೆ ಮಾಡಿಸುತ್ತಾರೆ. ಶೀತಕ್ಕೋ ನಿದ್ದೆಗೋ ಮಾತ್ರೆ ನುಂಗಿದ್ದನೇ, ಕುಡಿದಿದ್ದನೇ ಅಂತ ನೋಡಲು. ತಾನು ಹೊಡೆಯುತ್ತಿದ್ದ ವಿಷವೇ ಮೈಗೆ ಹತ್ತಿತ್ತೇ ಅನ್ನೋ ಅನುಮಾನವೂ ಬರಬಹುದು. ಕೆಲವು ಕೀಟನಾಶಕಗಳು ನರಕ್ಕೇ ಪೆಟ್ಟು ಕೊಡುತ್ತವೆ, ಕಣ್ಣು ಮಂಜಾಗುತ್ತದೆ. ಈಗ ‘ಪೈಲಟ್ ರಕ್ತದಲ್ಲಿ ಔಷಧಿ ಸಿಕ್ಕಿತು’ ಅಂತ ಬರೆದರೆ ಓದುವವರು ಯಾವುದು ಅಂದುಕೊಳ್ಳಬೇಕು? ನಮ್ಮೂರಲ್ಲಿ ‘ಔಷಧಿ ಕುಡಿದ್ನಂತೆ’ ಅಂದರೆ ಜ್ವರದ ಮಾತು ಅಂತ ಯಾರೂ ತಿಳಿಯುವುದಿಲ್ಲ, ಅಲ್ವಾ?

‘ಮದ್ದು’ ಅನ್ನೋಣ ಅಂದರೆ ಅದೂ ಕಷ್ಟ. ನಮ್ಮ ಕಡೆ ಅರ್ಧ ಮಾತು ತೆಲುಗು. ‘ಮಂದು ಕೊಟ್ಟಿನಾಡು’ ಅಂದರೆ ಔಷಧಿ ಹೊಡೆದ ಅಂತಲೂ ಆಯಿತು, ಎಣ್ಣೆ ಹೊಡೆದ ಅಂತಲೂ ಆಯಿತು. ಅಪಘಾತದ ವರದಿಯಲ್ಲಿ ಈ ತಮಾಷೆ ಬೇಡ.

‘ಹೊಡೆ’ ಕೂಡ ಸುಮ್ನೆ ಬಿಡುವುದಿಲ್ಲ. ಈ ವಿಮಾನಗಳು ಪೈರಿಗೆ ಹತ್ತೇ ಅಡಿ ಮೇಲೆ ಹಾರುವುದುಂಟು. ಕರೆಂಟ್ ತಂತಿಗೆ ತಗುಲಿ ಬೀಳುವುದು ಜಾಸ್ತಿ. ‘ಔಷಧಿ ಹೊಡೆಯುವಾಗ ತಂತಿಗೆ ಹೊಡೆದು’ ಅಂತ ಬರೆದೆ. ಓದಿದ ತಂಗಿ, ‘ಕರೆಂಟ್ ಹೊಡೀತಾ?’ ಅಂದಳು. ಈಗ ‘ತಗುಲಿ’ ಅಂತ ತಿದ್ದಿದ್ದೇನೆ.

ಸಿಂಪಡಣೆ ಅನ್ನಬಹುದು, ದ್ರವಕ್ಕೆ ಸರಿ. ಆದರೆ 1921ರಲ್ಲಿ ಓಹಿಯೋದಲ್ಲಿ ಮೊದಲ ಸಲ ವಿಮಾನದಿಂದ ಎರಚಿದ್ದು ಪುಡಿ, ಸೀಸದ ಆರ್ಸೆನೇಟ್ ಅನ್ನೋ ಹುಳು ಕೊಲ್ಲುವ ವಿಷ. ವಿಮಾನದಿಂದ ಬೆಳೆಗೆ ಹೊಡೆಯುವುದಕ್ಕೆ ಇಂಗ್ಲಿಷಿನಲ್ಲಿ ಅನ್ನುವ ‘ಡಸ್ಟಿಂಗ್’ ಇಂಥ ಪುಡಿಯಿಂದಲೇ ಬಂತು. ಈಗ ಹೆಚ್ಚಾಗಿ ದ್ರವವೇ, ಹೆಸರು ಮಾತ್ರ ಉಳಿದಿದೆ. ದ್ರಾಕ್ಷಿ ತೋಟಕ್ಕೆ ಗಂಧಕದ ಪುಡಿ ಬಿಡುವವರು ಅದಕ್ಕೆ ಏನನ್ನುತ್ತೀರಿ? ಎರಚೋದಾ, ದೂಳು ಹೊಡೆಯೋದಾ?

‘ಪೀಡೆನಾಶಕ’ ಗೊತ್ತು. ಕರಪತ್ರದ ವಾಸನೆ ಬರುತ್ತದೆ. ಸದ್ಯಕ್ಕೆ ‘ಬೆಳೆಮದ್ದು’ ಅಂತ ನಾನೇ ಕಟ್ಟಿಕೊಂಡಿದ್ದೇನೆ, ಮಾತ್ರೆಗೆ ‘ಔಷಧಿ’ ಬಿಟ್ಟು. ಶ್ರೀನಿವಾಸಪುರ, ಮಾಲೂರು ಕಡೆಯ ಹಿರಿಯರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ಕೇಳಿದ್ದರೆ ತಿಳಿಸಿ.