ಹಿತ್ತಲಿಗೆ ಸಂಪಿಗೆಯೋ, ಬಕುಳವೋ?

ಪ್ರಶ್ನೆ (ಮೈಸೂರು):
ಮಾನ್ಯರೇ, ನಮ್ಮದು 40×60 ಅಡಿ ನಿವೇಶನದಲ್ಲಿ ಪೂರ್ವಕ್ಕೆ ಮುಖಮಾಡಿ ಕಟ್ಟಿದ ಎರಡಂತಸ್ತಿನ ಮನೆ. ಹಿಂಭಾಗದಲ್ಲಿ, ಅಂದರೆ ಪಶ್ಚಿಮಕ್ಕೆ, ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ 14 ಅಡಿ ಅಗಲದ ಜಾಗವನ್ನು ಸಿಮೆಂಟು ಹಾಕಿಸದೆ ಮಣ್ಣಾಗಿಯೇ ಉಳಿಸಿಕೊಂಡಿದ್ದೇವೆ. ಮಹಡಿಯ ಎರಡು ಕೋಣೆಗಳು ಬೇಸಿಗೆಯಲ್ಲಿ ಮಧ್ಯಾಹ್ನ ಮೂರರ ನಂತರ ಕಾದುಹೋಗುವುದರಿಂದ ಅಲ್ಲಿ ಒಂದು ನೆರಳಿನ ಮರ ನೆಡಬೇಕೆಂದಿದ್ದೇವೆ. ನಮ್ಮ ಅತ್ತೆಯವರಿಗೆ ಪೂಜೆಗೆ ಸಂಪಿಗೆ ಹೂವು ಬೇಕೆಂಬ ಆಸೆ. ನಮ್ಮ ಯಜಮಾನರು ಬಕುಳವೇ ಸರಿ ಎನ್ನುತ್ತಾರೆ. ತಾರಸಿಯ ನೈಋತ್ಯ ಮೂಲೆಯಲ್ಲಿ ಸೋಲಾರ್ ವಾಟರ್ ಹೀಟರ್ ಇದೆ. ಯಾವ ಮರವನ್ನು, ಎಲ್ಲಿ ನೆಡಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ (ತೋಟಗಾರಿಕೆ ಸಲಹೆಗಾರ):
ನೀವು ವಿವರಿಸಿದ ಜಾಗಕ್ಕೆ ಬಕುಳವೇ ಸೂಕ್ತ. ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಅತ್ತೆಯವರ ಆಸೆಯನ್ನು ಕಾರಣವಿಲ್ಲದೆ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ.

ಸಂಪಿಗೆ ಮೂಲತಃ ಮಳೆಕಾಡಿನ ಮರ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯನ್ನು ನೀವು ನೋಡಿದ್ದರೆ, ನರ್ಸರಿಯ ಕಪ್ಪು ಚೀಲದಲ್ಲಿ ಮೊಳಕಾಲೆತ್ತರ ನಿಂತಿರುವ ಸಸಿ ಏನಾಗಬಲ್ಲದು ಎಂಬುದು ಬೇರೆ ಹೇಳಬೇಕಾಗಿಲ್ಲ. ಬೀಜದಿಂದ ಬಂದ ಸಂಪಿಗೆ ನೇರವಾದ ಕಾಂಡ ಬಿಟ್ಟು ಬೇಗ ಮೇಲೇರುತ್ತದೆ. ಮಣ್ಣು ಚೆನ್ನಾಗಿದ್ದರೆ ಊರೊಳಗೂ 60 ಅಡಿ ದಾಟುತ್ತದೆ. ಅಷ್ಟು ಎತ್ತರದ ಮರದಲ್ಲಿ ಹೂವೆಲ್ಲ ನೆತ್ತಿಯ ಮೇಲೇ ಅರಳುವುದರಿಂದ ಕೊಯ್ಯುವುದು ಮನೆಯವರ ಕೈಯಿಂದ ಆಗುವ ಕೆಲಸವಲ್ಲ, ತಾನಾಗಿ ಉದುರಿದ ಎಸಳು ಪೂಜೆಗೆ ಒದಗುವುದೂ ಇಲ್ಲ. ಸಂಪಿಗೆಯ ಮರ ಹಗುರವಾದದ್ದು, ಬಕುಳದ್ದು ಗಟ್ಟಿ ಮತ್ತು ತೂಕದ್ದು. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ತಾರಸಿಯ ಮೇಲೆ ಚಾಚಿದ ಕೊಂಬೆ ಮುರಿಯುವ ಭಯ ಸಂಪಿಗೆಯಲ್ಲಿ ಹೆಚ್ಚು.

ಬಕುಳ ಸಪೋಟಾದ ಕುಟುಂಬಕ್ಕೆ ಸೇರಿದ ನಿಧಾನದ ಮರ. ಮನೆಯಂಗಳದಲ್ಲಿ ಸಾಮಾನ್ಯವಾಗಿ 30ರಿಂದ 40 ಅಡಿಗೆ ನಿಲ್ಲುತ್ತದೆ. ಅದರ ಹರವು ದುಂಡಗೆ, ಎಲೆ ಒತ್ತೊತ್ತಾಗಿ ಬರುವುದರಿಂದ ಅದರ ನೆರಳು ಸಂಪಿಗೆಯದಕ್ಕಿಂತ ದಟ್ಟ. ನಿಮಗೆ ಬೇಕಾದದ್ದು ಅದೇ. ಕತ್ತರಿಸಿ ಆಕಾರ ಕೊಟ್ಟರೆ ಸಹಿಸಿಕೊಳ್ಳುತ್ತದೆ. ಹೂವು ಬೆಳಗಿನ ಜಾವ ತಾನಾಗಿ ಉದುರುತ್ತದೆ, ನಡುವೆ ತೂತಿರುವುದರಿಂದ ಸೂಜಿಯಿಲ್ಲದೆಯೂ ಬಾಳೆನಾರಿಗೆ ಪೋಣಿಸಬಹುದು, ಒಣಗಿದ ಮೇಲೂ ಅದರ ಪರಿಮಳ ಹೋಗುವುದಿಲ್ಲ. ಹಿರಿಯರು ಅಂಗಳದಲ್ಲಿ ಕುಳಿತೇ ಆಯ್ದುಕೊಳ್ಳಬಹುದಾದ ಹೂವು ಇದು. ಆದರೆ ಇದರಲ್ಲಿಯೂ ಎರಡು ತೊಡಕುಗಳಿವೆ: ಹೂವು ನೋಡಲು ಆರೇಳು ವರ್ಷ ಕಾಯಬೇಕಾಗಬಹುದು, ಮತ್ತು ಹಳದಿ ಹಣ್ಣಾದಾಗ ಬಾವಲಿಗಳು ಬರುತ್ತವೆ. ಆದ್ದರಿಂದ ಮರದ ಕೆಳಗೆ ಕಾರು ನಿಲ್ಲಿಸುವುದಾಗಲಿ ಬಟ್ಟೆ ಒಣಹಾಕುವುದಾಗಲಿ ಬೇಡ.

ಇನ್ನು ಜಾಗದ ವಿಚಾರ. ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮೈಸೂರಿನಲ್ಲಿ ಸೂರ್ಯ ನಡುನೆತ್ತಿಗೆ ಬಂದು, ಆಮೇಲೆ ಉತ್ತರಕ್ಕೆ ಸರಿಯುತ್ತಾನೆ. ಹಾಗಾಗಿ ಸೆಖೆಯ ದಿನಗಳ ಇಳಿಬಿಸಿಲು ನಿಮ್ಮ ಹಿಂಗೋಡೆಗೆ ನೇರ ಪಶ್ಚಿಮದಿಂದ, ತುಸು ವಾಯವ್ಯಕ್ಕೆ ವಾಲಿ ಬೀಳುತ್ತದೆ. ಡಿಸೆಂಬರಿನಲ್ಲಿ ಇದಕ್ಕೆ ವಿರುದ್ಧ: ನಡುಹಗಲಿನಲ್ಲೂ ಸೂರ್ಯ ದಕ್ಷಿಣದ ಕಡೆ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇದ್ದು, ಮಧ್ಯಾಹ್ನದ ಬಿಸಿಲು ನೈಋತ್ಯದಿಂದ ಬರುತ್ತದೆ. ಮರವನ್ನು ನೈಋತ್ಯದಲ್ಲಿ ನೆಟ್ಟರೆ ಬಿಸಿನೀರು ಹೆಚ್ಚು ಬೇಕಾಗುವ ಚಳಿಗಾಲದಲ್ಲಿಯೇ ಸೋಲಾರ್ ಫಲಕಕ್ಕೆ ನೆರಳು ಬೀಳುತ್ತದೆ. ಹಿತ್ತಲಿನ ನಡುಭಾಗದಿಂದ ವಾಯವ್ಯದ ಕಡೆಗೆ ಸರಿದು ನೆಟ್ಟರೆ ಬೇಸಿಗೆಯಲ್ಲಿ ಗೋಡೆ ತಂಪಾಗಿರುತ್ತದೆ, ಹೀಟರಿಗೂ ತೊಂದರೆಯಾಗುವುದಿಲ್ಲ. ಮನೆಯ ಗೋಡೆಯಿಂದ 8 ಅಡಿ, ಕಾಂಪೌಂಡಿನಿಂದ 6 ಅಡಿ ಬಿಡಿ. ಕೊಂಬೆ ಪಕ್ಕದವರ ಕಡೆಗೆ ಚಾಚುವುದು ಖಂಡಿತವಾದ್ದರಿಂದ ಗುಂಡಿ ತೋಡುವ ಮೊದಲೇ ಅವರೊಂದಿಗೆ ಮಾತನಾಡಿ.

ಮರುಪ್ರಶ್ನೆ (ಮೈಸೂರು):
ಬಹಳ ಧನ್ಯವಾದಗಳು ಸರ್. ಸೂರ್ಯನ ವಿಷಯ ನಮಗೆ ಹೊಳೆದೇ ಇರಲಿಲ್ಲ. ಅತ್ತೆಯವರು ಒಂದು ಮಾತು ಕೇಳುತ್ತಿದ್ದಾರೆ: ಸಂಪಿಗೆಯನ್ನೇ ನೆಟ್ಟು, 20 ಅಡಿಯಾದಾಗ ತಲೆ ಕತ್ತರಿಸುತ್ತಾ ಬಂದರೆ ಆಗುವುದಿಲ್ಲವೇ? ಬೇಡವೆನಿಸಿದರೆ ಮುಂದೆ ತೆಗೆಸಿದರಾಯಿತಲ್ಲ ಎಂದೂ ಹೇಳುತ್ತಾರೆ.

ಉತ್ತರ:
ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ತಲೆ ಕತ್ತರಿಸುವ ಕೆಲಸವನ್ನು ಮಾತ್ರ ಮಾಡಬೇಡಿ. ಕತ್ತರಿಸಿದ ಕಡೆ ನಾಲ್ಕಾರು ಚಿಗುರುಗಳು ಒಟ್ಟಿಗೆ ಏಳುತ್ತವೆ. ಅವು ಕಾಂಡದ ಒಳಗಿನಿಂದ ಬೆಳೆದ ಕೊಂಬೆಗಳಲ್ಲ, ತೊಗಟೆಯಂಚಿನಲ್ಲಿ ಅಂಟಿಕೊಂಡು ಬಂದವು. ದಪ್ಪ ಕಾಂಡದ ಗಾಯ ಮುಚ್ಚುವಷ್ಟರಲ್ಲಿ ನೀರಿಳಿದು ಕೊಳೆಯಲಾರಂಭಿಸಿರುತ್ತದೆ. ನಾಲ್ಕೈದು ವರ್ಷಗಳಲ್ಲಿ ಮರ ಮತ್ತೆ ಅದೇ ಎತ್ತರಕ್ಕೆ ಬರುತ್ತದೆ, ಆದರೆ ಮೊದಲಿಗಿಂತ ದುರ್ಬಲವಾಗಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನೇ ಒಂದು ಮನೆಯಲ್ಲಿ ಗೋಡೆಯಿಂದ ಐದು ಅಡಿಗೆ ಸಂಪಿಗೆ ನೆಡಿಸಿದ್ದೆ. ಹೂಬಿಟ್ಟು ಕಳೆಕಳೆಯಾಗಿದ್ದ ಆ ಮರವನ್ನು ಕಡಿಸುವ ದಿನ ಆ ಮನೆಯ ಅಜ್ಜಿ ಬಾಗಿಲು ಹಾಕಿಕೊಂಡು ಒಳಗೇ ಕುಳಿತಿದ್ದರು. ಆ ತಪ್ಪು ನನ್ನದು. ಅಂದಿನಿಂದ ಇಕ್ಕಟ್ಟಾದ ಜಾಗಕ್ಕೆ ಬೀಜದ ಸಂಪಿಗೆಯನ್ನು ನಾನು ಹೇಳುವುದಿಲ್ಲ.

ತೆಗೆಸುವುದೂ ಸುಲಭವಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದಲ್ಲಿರುವ ಮರವನ್ನು ಕಡಿಯಲೂ ವೃಕ್ಷಾಧಿಕಾರಿಗಳ ಅನುಮತಿ ಬೇಕು.

ಹೂವಿಗಾಗಿಯೇ ಆದರೆ ಕಸಿ ಸಂಪಿಗೆ ತನ್ನಿ. ಬೀಜದ ಗಿಡ ಹೂ ಬಿಡಲು ಏಳೆಂಟು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ತೆಗೆದುಕೊಂಡರೆ, ಕಸಿ ಗಿಡ ಎರಡು ಮೂರು ವರ್ಷಗಳಲ್ಲಿಯೇ ಹೂ ಕೊಡುತ್ತದೆ, ಎತ್ತರವೂ ಕಡಿಮೆ. ತಳಕ್ಕೆ ತೂತು ಕೊರೆದ ದೊಡ್ಡ ಡ್ರಮ್ಮಿನಲ್ಲಿ, ಮುಂಭಾಗದಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ ಇಡಬಹುದು. ಅತ್ತೆಯವರು ನಿಂತಲ್ಲಿಂದಲೇ ಕೊಯ್ಯಬಹುದು. ಕೊಳ್ಳುವಾಗ ಕಸಿಯ ಗಂಟನ್ನು ಕಣ್ಣಾರೆ ನೋಡಿ, ನೆಡುವಾಗ ಆ ಗಂಟು ಮಣ್ಣಿನಿಂದ ಮೇಲೇ ಇರಲಿ, ಅದರ ಕೆಳಗಿನಿಂದ ಬರುವ ಚಿಗುರನ್ನು ಕೂಡಲೇ ತೆಗೆಯಿರಿ. ನಾಗಸಂಪಿಗೆ ಮತ್ತು ಗೋಸಂಪಿಗೆಗಳು ಹೆಸರಿನಲ್ಲಿ ಮಾತ್ರ ಸಂಪಿಗೆ, ಬೇರೆಯೇ ಜಾತಿಯ ಮರಗಳು. ಹೆಸರು ಕೇಳಿ ಮೋಸಹೋಗಬೇಡಿ. ಎಲೆಯ ಮೇಲೆ ಹಸಿರು ಹುಳು ಕಂಡರೆ ಔಷಧಿ ಸಿಂಪಡಿಸುವ ಮುನ್ನ ಒಂದು ಕ್ಷಣ ಯೋಚಿಸಿ. ಬಾಲವುಳ್ಳ ಹಸಿರು ಚುಕ್ಕೆಯ ಚಿಟ್ಟೆಯೊಂದು ಸಂಪಿಗೆ ಎಲೆಯ ಮೇಲೆಯೇ ಮೊಟ್ಟೆಯಿಡುತ್ತದೆ, ಅದರ ಮರಿಗಳು ನಾಲ್ಕೆಲೆ ತಿಂದರೆ ಗಿಡಕ್ಕೆ ಏನೂ ಆಗುವುದಿಲ್ಲ.

ಪ್ರಶ್ನೆ (ಧಾರವಾಡ):
ನಮಸ್ಕಾರ ಸರ್. ನಮ್ಮದು ಪೂರ್ತಿ ಎರಿ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಇವೆರಡರಲ್ಲಿ ಯಾವುದು ಬಂದೀತು?

ಉತ್ತರ:
ನಿಮ್ಮಲ್ಲಿ ಸಂಪಿಗೆಯ ಪ್ರಯತ್ನವೇ ಬೇಡ. ಮಳೆಗಾಲದಲ್ಲಿ ಎರೆ ಮಣ್ಣು ನೀರು ಹಿಡಿದು ನಿಂತಾಗ ಅದರ ಬೇರು ಕೊಳೆಯುತ್ತದೆ. ಬಕುಳ ತಾಳಿಕೊಳ್ಳುತ್ತದೆ, ಆದರೆ ಅದನ್ನೂ ತಗ್ಗಿನಲ್ಲಿ ನೆಡದೆ, ಕೆಂಪು ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ನೆಡಿ. ಎರೆ ಭೂಮಿಯಲ್ಲಿ ಇನ್ನೊಂದು ಎಚ್ಚರ ಅಗತ್ಯ: ಮರ ನೀರು ಹೀರಿದಂತೆ ಮಣ್ಣು ಕುಗ್ಗುತ್ತದೆ, ಮಳೆ ಬಿದ್ದಾಗ ಹಿಗ್ಗುತ್ತದೆ, ಈ ಏರಿಳಿತದಿಂದ ಮನೆಯ ಅಡಿಪಾಯ ಬಿರುಕು ಬಿಡಬಹುದು. ಮೈಸೂರಿನವರಿಗೆ ನಾನು ಹೇಳಿದ 8 ಅಡಿ ನಿಮಗೆ ಸಾಲದು. 20 ಅಡಿಯಾದರೂ ದೂರ ಇರಲಿ. ಅಷ್ಟು ಜಾಗವಿಲ್ಲದಿದ್ದರೆ ಚಿಕ್ಕ ಗಿಡಗಳಿಗೇ ತೃಪ್ತರಾಗುವುದು ಒಳ್ಳೆಯದು.

ಪ್ರಶ್ನೆ (ಪುತ್ತೂರು):
ನಾವು ಬಕುಳವನ್ನು ರೆಂಜೆ ಎನ್ನುತ್ತೇವೆ. ಜಾಗಕ್ಕೆ ಕೊರತೆಯಿಲ್ಲ, ಮನೆಯಿಂದ 50 ಅಡಿ ದೂರ ಹೋಗಬಹುದು. ಆದರೆ ಎರಡಡಿ ಅಗೆದರೆ ಮುರಕಲ್ಲು ಸಿಗುತ್ತದೆ. ಹಿಂದಿನ ವರ್ಷ ಜೂನ್‌ನಲ್ಲಿ ನೆಟ್ಟ ಸಂಪಿಗೆ ಸಸಿ ಆಗಸ್ಟಿನಲ್ಲಿ ಸತ್ತಿತು.

ಉತ್ತರ:
ಅಷ್ಟು ಜಾಗವಿರುವ ನೀವು ಸಂಪಿಗೆಯನ್ನು ಧಾರಾಳವಾಗಿ ಬೆಳೆಸಬೇಕು. ಘಟ್ಟದ ಮಳೆ ಅದರ ತವರಿನ ಮಳೆ. ಬಹುಶಃ ಸಸಿ ಸತ್ತದ್ದು ಮಳೆಯಿಂದಲ್ಲ, ಗುಂಡಿಯಿಂದ. ಮುರಕಲ್ಲಿನಲ್ಲಿ ಕಡಿದ ಗುಂಡಿ ಬಾನಿಯಂತೆ ನೀರು ತುಂಬಿಕೊಂಡು ನಿಲ್ಲುತ್ತದೆ. ಈ ಸಲ ಗುಂಡಿಯ ಇಳಿಜಾರಿನ ಬದಿಯನ್ನು ಒಡೆದು ನೀರು ಹೊರಹೋಗಲು ಕಣಿ ಬಿಡಿಸಿ, ಜೋರು ಮಳೆ ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ ನೆಡಿ. ಮುಂದಿನ ಎರಡು ಬೇಸಿಗೆ ತಪ್ಪದೆ ನೀರು ಕೊಟ್ಟು, ಬುಡಕ್ಕೆ ತರಗೆಲೆ ಹೊದಿಸಿ. ನೆಡುವ ಹಿಂದಿನ ಸಂಜೆ ಗುಂಡಿಗೆ ಬಾಯಿಮಟ್ಟ ನೀರು ತುಂಬಿಸಿ ನೋಡಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಆ ಗುಂಡಿಯಲ್ಲಿ ರೆಂಜೆಯನ್ನು ನೆಟ್ಟು, ಸಂಪಿಗೆಗೆ ಇನ್ನಷ್ಟು ಮೇಲಿನ ಜಾಗ ಹುಡುಕಿ.