ಉದಯನನ ಈಶ್ವರಾನುಮಾನ: ಶರೀರವಿಲ್ಲದ ಕರ್ತೃ ಹೇಗೆ?

ಪ್ರಶ್ನೆ:
ನ್ಯಾಯದರ್ಶನದ ತಾರ್ಕಿಕ ಉದಯನ ಈಶ್ವರನಿದ್ದಾನೆಂದು ಸಾಧಿಸಲು ಬರೆದ ನ್ಯಾಯಕುಸುಮಾಂಜಲಿಯ ಐದನೇ ಸ್ತಬಕದ (ಅಧ್ಯಾಯದ) ಮೊದಲ ಅನುಮಾನ (ಕಾರಣ ಕೊಟ್ಟು ಮಾಡುವ ತೀರ್ಮಾನ) ಇದು: ಭೂಮಿ, ಮೊಳಕೆ ಮೊದಲಾದವಕ್ಕೆ ಕರ್ತೃ ಇದ್ದಾನೆ, ಅವು ಕಾರ್ಯ (ಹುಟ್ಟಿ ಬಂದದ್ದು) ಆದ್ದರಿಂದ, ಮಡಕೆಯ ಹಾಗೆ. ಆದರೆ ಮಡಕೆ ಮಾಡುವ ಕುಂಬಾರನಿಗೆ ಮೈ ಇದೆ. ದೃಷ್ಟಾಂತದಲ್ಲಿರುವ ಶರೀರವನ್ನು ಈಶ್ವರನ ಹತ್ತಿರ ಬಂದಾಗ ಕೈಬಿಡುವುದು ಸರಿಯೇ?

ಉತ್ತರ 1:
ನೀವು ಎತ್ತಿದ ಆಕ್ಷೇಪಕ್ಕೆ ತರ್ಕದಲ್ಲಿ ಉಪಾಧಿ, ಅಂದರೆ ಅಡಗಿರುವ ಷರತ್ತು, ಎಂದು ಹೆಸರು. ಸಾಧ್ಯ (ಸಾಧಿಸಬೇಕಾದದ್ದು, ಇಲ್ಲಿ ಕರ್ತೃ ಇರುವುದು) ಇರುವಲ್ಲೆಲ್ಲ ಅದು ಇರಬೇಕು, ಹೇತು (ಕೊಟ್ಟ ಕಾರಣ, ಇಲ್ಲಿ ಕಾರ್ಯವಾಗಿರುವುದು) ಇರುವ ಕೆಲವು ಕಡೆಯಾದರೂ ಇರಬಾರದು. ‘ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ’ ಎಂದರೆ ಹಸಿ ಸೌದೆಯೇ ಉಪಾಧಿ. ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿ ಇದ್ದರೂ ಹೊಗೆ ಇಲ್ಲ. ಹಾಗೆಯೇ ‘ಶರೀರದಿಂದ ಹುಟ್ಟಿದ್ದು’ ಎನ್ನುವುದು ಮಡಕೆ, ಬಟ್ಟೆಗೆ ಹೊಂದುತ್ತದೆ, ಮೊಳಕೆಗೆ ಹೊಂದುವುದಿಲ್ಲ.

ಇದಕ್ಕೆ ಎರಡು ಉತ್ತರ. ನೈಯಾಯಿಕರ (ನ್ಯಾಯದರ್ಶನದವರ) ಪ್ರಕಾರ ಕರ್ತೃತ್ವಕ್ಕೆ ಬೇಕಾದ್ದು 3: ಉಪಾದಾನದ (ಮಡಕೆಗೆ ಮಣ್ಣಿನಂಥ ಮೂಲವಸ್ತುವಿನ) ನೇರ ಅರಿವು, ಮಾಡಬೇಕೆಂಬ ಇಚ್ಛೆ, ಪ್ರಯತ್ನ. ಮೈ ಅದರಲ್ಲಿ ಸೇರಿಲ್ಲ. ‘ಶರೀರದಿಂದ ಹುಟ್ಟಿಲ್ಲ, ಆದ್ದರಿಂದ ಕರ್ತೃ ಇಲ್ಲ’ ಎಂದು ತಿರುಗಿಸಿದರೆ ಅಲ್ಲಿ ‘ಶರೀರ’ ವ್ಯರ್ಥವಿಶೇಷಣ, ಅಂದರೆ ಬೇಡದ ಪದ. ಆಕಾಶಕ್ಕೆ ಕರ್ತೃ ಇಲ್ಲ ಎನ್ನಲು ‘ಹುಟ್ಟಿಲ್ಲ’ ಎಂದರೇ ಸಾಕು. ನನ್ನ ಮಟ್ಟಿಗೆ ಈ ವ್ಯರ್ಥವಿಶೇಷಣದ ಉತ್ತರವೇ ಹೆಚ್ಚು ಗಟ್ಟಿ.

ಉತ್ತರ 2:
ಪೆಟ್ಟು ಬೀಳುವುದು ಅದಕ್ಕೂ ಮೊದಲೇ, ಹೇತುವಿನಲ್ಲೇ. ಬೌದ್ಧ ತಾರ್ಕಿಕ ಧರ್ಮಕೀರ್ತಿ ಹುತ್ತವನ್ನು ಮುಂದಿಡುತ್ತಾನೆ. ಮಡಕೆಯೂ ಮಣ್ಣಿನ ವಿಕಾರ, ಹುತ್ತವೂ ಮಣ್ಣಿನ ವಿಕಾರ. ಹಾಗೆಂದು ಹುತ್ತವನ್ನೂ ಕುಂಬಾರನೇ ಮಾಡಿದ ಎನ್ನಲಾದೀತೇ? ಮಡಕೆಯ ಕಂಠ, ಮೈಮೇಲಿನ ತಿಗರಿಯ ಗೆರೆ ನೋಡಿ ಕುಂಬಾರನನ್ನು ಊಹಿಸುತ್ತೇವೆ; ಅಂಥ ಆಕಾರ ಅವನ ಕೈಯಿಂದ ಬರುವುದನ್ನು ಕಂಡಿದ್ದೇವೆ. ಬೆಟ್ಟಕ್ಕೂ ‘ಕಾರ್ಯ’ ಎಂಬ ಹೆಸರಿಟ್ಟರೆ ಮಾತು ಒಂದಾಯಿತೇ ಹೊರತು ವ್ಯಾಪ್ತಿ (ಹೇತು ಇದ್ದಲ್ಲೆಲ್ಲ ಸಾಧ್ಯ ಇರುತ್ತದೆ ಎಂಬ ನಿಯಮ) ಸಿಗಲಿಲ್ಲ.

ಉತ್ತರ 3:
ಇದನ್ನು ಆಸ್ತಿಕ–ನಾಸ್ತಿಕರ ಜಗಳವಾಗಿ ಮಾತ್ರ ಓದಬೇಡಿ. ಈಶ್ವರನನ್ನು ನಂಬುವ ವೇದಾಂತಿ ರಾಮಾನುಜರೇ ಬ್ರಹ್ಮಸೂತ್ರಗಳ ಮೇಲಿನ ಶ್ರೀಭಾಷ್ಯದಲ್ಲಿ, 1.1.3ನೇ ಸೂತ್ರದ ಕೆಳಗೆ, ಈ ಅನುಮಾನವನ್ನು ಬಿಚ್ಚಿಹಾಕುತ್ತಾರೆ: ಎಲ್ಲವೂ ಒಂದೇ ಕಾಲದಲ್ಲಿ, ಒಬ್ಬನಿಂದಲೇ ಆಯಿತು ಎನ್ನಲು ಏನು ಆಧಾರ? ಮಧ್ವಾಚಾರ್ಯರಿಗೂ ಈಶ್ವರನನ್ನು ತಿಳಿಸುವ ಪ್ರಮಾಣ ವೇದವೇ, ಬರೀ ಅನುಮಾನವಲ್ಲ. ಹಾಗಾಗಿ ಉದಯನನ ವಾದ ಬಿದ್ದರೆ ವೇದಾಂತಿಗಳ ಈಶ್ವರ ಬಿದ್ದ ಹಾಗಲ್ಲ. ಅವರನ್ನು ಎದುರಿಸಬೇಕೆಂದರೆ ವೇದದ ಪ್ರಾಮಾಣ್ಯವನ್ನೇ ಹಿಡಿಯಬೇಕು.

ಪ್ರಶ್ನೆ ಕೇಳಿದವರು:
ಒಬ್ಬನೇ ಕರ್ತೃ ಎನ್ನುವುದಕ್ಕೆ ನೈಯಾಯಿಕರು ಲಾಘವ (ಕಡಿಮೆ ಕಲ್ಪನೆಯಲ್ಲಿ ಮುಗಿಸುವ ಸರಳತೆ) ತೋರಿಸುತ್ತಾರಲ್ಲ?

ಉತ್ತರ 2:
ತೋರಿಸುತ್ತಾರೆ. ಆದರೆ ಲಾಘವ ನೆರವಿಗೆ ಬರುವುದು ಕರ್ತೃ ಇದ್ದಾನೆಂದು ಸಿದ್ಧವಾದ ಮೇಲೆ, ಒಬ್ಬನೋ ಹಲವರೋ ಎಂದು ಆರಿಸುವಾಗ. ಹುತ್ತದ ಆಕ್ಷೇಪ ಅದಕ್ಕೆ ಮುಂಚಿನ ಮೆಟ್ಟಿಲಲ್ಲೇ ನಿಂತಿದೆ.