ಗುಜರಿ ಅಂಗಡಿಯಲ್ಲಿ ಸಿಕ್ಕಿದ ಅಪ್ಪದ ಕಾವಲಿಯನ್ನು ಚೌತಿಗೆ ಬಳಸಬಹುದೇ?

ಬದಿಯಡ್ಕದ ಸೊಸೆ:

ಕಳೆದ ವಾರ ಕಾಸರಗೋಡಿನ ಒಂದು ಗುಜರಿ ಅಂಗಡಿಯಲ್ಲಿ, ಹಳೆಯ ಪಂಪುಸೆಟ್ಟು ಮತ್ತು ತುಕ್ಕು ಹಿಡಿದ ತಕ್ಕಡಿಗಳ ಎಡೆಯಲ್ಲಿ, ಏಳು ಗುಳಿಗಳ ಅಪ್ಪದ ಕಾವಲಿಯೊಂದು ಕಣ್ಣಿಗೆ ಬಿತ್ತು. ಅಂಗಡಿಯವರು ಅದನ್ನು ‘ಓಟು’ (ಎಂದರೆ ಕಂಚು) ಎಂದು ಹೇಳಿ ತೂಕದ ಲೆಕ್ಕದಲ್ಲಿಯೇ ಕೊಟ್ಟರು. ಎರಡು ಕಿಲೋಗಿಂತ ತುಸು ಹೆಚ್ಚಿದ್ದ ಅದಕ್ಕೆ 1,200 ರೂಪಾಯಿ ಕೊಟ್ಟೆ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದಾಗ ಆದ ಸಂತೋಷ ಹೊಸ ಸೀರೆ ತಂದಾಗಲೂ ಆದದ್ದಿಲ್ಲ.

ನಮ್ಮ ಮನೆಯಲ್ಲಿ ಚೌತಿಗೆ ಬಾಳೆಹಣ್ಣಿನ ಅಪ್ಪ ಆಗಲೇಬೇಕು. ಈಗಿರುವ ನಾನ್‌ಸ್ಟಿಕ್ ಕಾವಲಿಯಲ್ಲಿ ಅದು ಬೇಯುತ್ತದೆಯೇ ಹೊರತು ಕೆಂಪಗಿನ ಗರಿಗರಿ ಹೊರಮೈ ಬರುವುದಿಲ್ಲ. 1992ರ ಬಳಿಕ 2025ರಲ್ಲಿ ಮಧೂರು ದೇವಸ್ಥಾನದಲ್ಲಿ ಮೂಡಪ್ಪ ಸೇವೆ (ಗಣಪತಿಯನ್ನು ಅಪ್ಪಗಳಿಂದ ಮುಚ್ಚುವ ಸೇವೆ) ನಡೆದಾಗ ತಂದ ಪ್ರಸಾದದ ಅಪ್ಪವನ್ನು ತಿಂದಂದಿನಿಂದ ಮಕ್ಕಳು ಕೂಡ ನನ್ನ ಅಪ್ಪದಲ್ಲಿ ಕೊರತೆ ಹುಡುಕುತ್ತಿದ್ದಾರೆ.

ಇದು ಕಂಚೋ ಹಿತ್ತಾಳೆಯೋ ಎಂದು ತಿಳಿಯುವುದು ಹೇಗೆ, ಕಲಾಯಿ ಹಾಕಿಸಬೇಕೇ ಎಂಬುದು ಒಂದು ಪ್ರಶ್ನೆ. ಇನ್ನೊಂದು ಅತ್ತೆಯವರದು. ಕಾವಲಿಯ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಎರಡು ಕನ್ನಡ ಅಕ್ಷರಗಳಿವೆ. ಯಾರ ಮನೆಯದೋ, ಯಾವ ಕಷ್ಟಕ್ಕೆ ಮಾರಿದ್ದೋ, ಅದರಲ್ಲಿ ಗಣಪತಿಗೆ ನೈವೇದ್ಯ ಮಾಡುವುದು ಹೇಗೆ ಎಂದು ಅವರು ಕೇಳುತ್ತಿದ್ದಾರೆ.

ಪೆರ್ಲದ ಅಜ್ಜಿ:

ಮೊದಲು ಕಾವಲಿಯನ್ನು ಹಗ್ಗದಲ್ಲಿ ತೂಗುಹಾಕಿ ಮರದ ಕೋಲಿನಿಂದ ಮೆಲ್ಲಗೆ ತಟ್ಟಿರಿ. ಕಂಚಾದರೆ ಗಂಟೆಯ ಹಾಗೆ ನಾದ ಎಳೆಯುತ್ತದೆ. ಹಿತ್ತಾಳೆಯ ಸದ್ದು ಬೇಗ ಅಡಗುತ್ತದೆ. ಕಂಚೇ ಆಗಿದ್ದೂ ಒಡಕು ದನಿ ಬಂದರೆ ಎಲ್ಲಿಯೋ ಬಿರುಕಿದೆ ಎಂದರ್ಥ. ಹಿತ್ತಾಳೆಯಲ್ಲಿರುವುದು ತಾಮ್ರ ಮತ್ತು ಸತು, ಕಂಚಿನಲ್ಲಿ ತಾಮ್ರ ಮತ್ತು ತವರ; ಗಂಟೆಗೆ ಎರೆಯುವ ಕಂಚಿನಲ್ಲಿ ನೂರಕ್ಕೆ ಸುಮಾರು 78 ಪಾಲು ತಾಮ್ರವೂ 22 ಪಾಲು ತವರವೂ ಇರುತ್ತವೆ. ಕಂಚಿಗೆ ಕಲಾಯಿ ಹಾಕಿಸುವ ವಾಡಿಕೆ ನಮ್ಮಲ್ಲಿಲ್ಲ. ಹಿತ್ತಾಳೆಯಾದರೆ ಹಾಕಿಸಿರಿ, ಆದರೆ ಸೀಸ ಬೆರೆಸದ ಶುದ್ಧ ತವರವೇ ಆಗಬೇಕೆಂದು ಕಲಾಯಿಯವರಿಗೆ ಹೇಳಿರಿ. ತವರವು 232 ಡಿಗ್ರಿಯಲ್ಲಿ ಕರಗುವುದರಿಂದ ಕಲಾಯಿಯ ಕಾವಲಿಯನ್ನು ತುಪ್ಪವಿಲ್ಲದೆ ಉರಿಯ ಮೇಲೆ ಬಿಟ್ಟು ಫೋನಿನಲ್ಲಿ ಮಾತಿಗೆ ಕುಳಿತರೆ (ನಮ್ಮ ಮನೆಯಲ್ಲಿ ಇದು ನಡೆದಿದೆ) ಕಲಾಯಿ ಗುಳಿಯ ತಳದಲ್ಲಿ ಮಣಿಯಾಗಿ ನಿಲ್ಲುತ್ತದೆ.

ಅಡಿಭಾಗದಲ್ಲಿ ಬೂದುಬಣ್ಣದ ಬೆಸುಗೆಯ ತೇಪೆ ಇದೆಯೇ ಎಂದು ನೋಡಿರಿ. ಹಳೆಯ ಬೆಸುಗೆಯಲ್ಲಿ ಸೀಸ ಇರುವುದುಂಟು. ಅಂಥದ್ದನ್ನು ಅಡುಗೆಗೆ ಬಳಸದೆ ಗೋಡೆಗೆ ತೂಗುಹಾಕಿರಿ. ತೇಪೆ ಇಲ್ಲದಿದ್ದರೆ, ಹಸಿರು ಕಿಲುಬನ್ನು ಹುಣಸೆಹುಳಿಯಿಂದಲೋ ಬಿಂಬುಳಿಯಿಂದಲೋ ಉಜ್ಜಿ ಪೂರ್ತಿ ತೆಗೆದು, ಆಮೇಲೆ ಬೂದಿಯಲ್ಲಿ ತಿಕ್ಕಿರಿ. ಬಿಸಿ ಕಾವಲಿಗೆ ತಣ್ಣೀರು ಹೊಯ್ಯಬೇಡಿರಿ, ಕಂಚು ಸಿಡಿಯುತ್ತದೆ.

ತಾಮ್ರ ಹುಳಿಯಿಂದ ಶುದ್ಧ, ಕಂಚು ಬೂದಿಯಿಂದ ಶುದ್ಧ ಎಂಬುದು ಹಿರಿಯರ ಮಾತು ಎಂದು ಅತ್ತೆಯವರಿಗೆ ಹೇಳಿರಿ. ಮಾರಿದ ಮನೆಯಲ್ಲಿ ಕಷ್ಟವೇ ಇತ್ತೆಂದು ಭಾವಿಸಬೇಕಾಗಿಯೂ ಇಲ್ಲ. ನಮ್ಮ ತರವಾಡಿನ (ಕುಟುಂಬದ ಮೂಲಮನೆಯ) ಪಾಲಾದಾಗ ನಾಲ್ಕು ಉರುಳಿಗಳು, ಎಂದರೆ ಅಗಲ ಬಾಯಿಯ ದೊಡ್ಡ ಪಾತ್ರೆಗಳು, ಗುಜರಿಗೆ ಹೋದವು. ಅವನ್ನು ಎತ್ತಿ ತೊಳೆಯುವ ಶಕ್ತಿ ಯಾರಿಗೂ ಇರಲಿಲ್ಲ, ಅಷ್ಟೆ.

ಬೇಳದಿಂದ:

ನಮ್ಮದು ಕ್ರಿಸ್ಮಸ್ಸಿನ ಕುಸ್ವಾರ್ (ಹಬ್ಬದ ತಿಂಡಿಗಳು) ಮಾಡುವ ಮನೆ. ನೆವ್ರಿ, ಕಿಡಿಯೋ, ಗುಳಿಯೋ ಎಲ್ಲವೂ ಕೈಯಿಂದಲೇ ಆಗುತ್ತವೆ; ಕೊಕ್ಕಿಸಾಂ ಒಂದಕ್ಕೆ ಹೂವಿನ ಅಚ್ಚು ಬೇಕು. ಮಲೆಯಾಳದಲ್ಲಿ ಅಚ್ಚಪ್ಪಂ ಎನ್ನುವುದು ಇದನ್ನೇ. ನನ್ನ ಅಚ್ಚು ಕೂಡ ಹಳೆಯ ಸಾಮಾನಿನ ರಾಶಿಯಲ್ಲಿ ಸಿಕ್ಕಿದ್ದು, ಹಿಡಿಯೂ ಇರಲಿಲ್ಲ. ಮೊದಲ ವರ್ಷ ಹಿಟ್ಟು ಅಚ್ಚನ್ನು ಬಿಡಲೇ ಇಲ್ಲ. ಲೋಹಕ್ಕೆ ಎಣ್ಣೆ ಹಿಡಿಯುವ ತನಕ ಹೀಗೆಯೇ ಎಂದು ಅಮ್ಮ ಹೇಳಿದ ಮೇಲೆ ಅದನ್ನು ರಾತ್ರಿಯಿಡೀ ತೆಂಗಿನೆಣ್ಣೆಯಲ್ಲಿ ಮುಳುಗಿಸಿಟ್ಟು, ಮರುದಿನ ಕಾದ ಎಣ್ಣೆಯಲ್ಲಿಯೇ ಬಿಸಿ ಮಾಡಿ, ಮುಕ್ಕಾಲು ಎತ್ತರದವರೆಗೆ ಮಾತ್ರ ಹಿಟ್ಟಿನಲ್ಲಿ ಅದ್ದಿದೆ. ನಿಮ್ಮ ಕಾವಲಿಗೂ ಹಬ್ಬದ ಮುಂಚೆ ಎರಡು ಮೂರು ಸಲ ತುಪ್ಪ ಕಾಯಿಸಿ ಆರಲು ಬಿಡಿರಿ. ಚೌತಿಯ ಬೆಳಿಗ್ಗೆಯೇ ಮೊದಲ ಪ್ರಯೋಗ ಮಾಡಬೇಡಿರಿ.

ಉಪ್ಪಳದಿಂದ:

ಇಷ್ಟೆಲ್ಲ ಏಕೆ ಎಂದು ನನಗನ್ನಿಸುತ್ತದೆ. ಎರಕದ ಕಬ್ಬಿಣದ ಕಾವಲಿಯಲ್ಲಿ ಕಿಲುಬಿನ ಭಯವೂ ಕಲಾಯಿಯ ಖರ್ಚೂ ಇಲ್ಲದೆ ಅಪ್ಪ ಕೆಂಪಗೆ ಬರುತ್ತದೆ.

ಬದಿಯಡ್ಕದ ಸೊಸೆ:

ಎಲ್ಲರಿಗೂ ಧನ್ಯವಾದಗಳು. ತಟ್ಟಿ ನೋಡಿದೆ, ನಾದ ಚೆನ್ನಾಗಿ ಎಳೆಯುತ್ತದೆ, ತೇಪೆಯೂ ಇಲ್ಲ. ಉಪ್ಪಳದವರು ಹೇಳಿದ್ದು ಸರಿಯಿರಬಹುದು, ಆದರೆ ತಂದಾಗಿದೆ. ಬೂದಿಯಲ್ಲಿ ತಿಕ್ಕುವ ಕೆಲಸವನ್ನು ಅತ್ತೆಯವರೇ ಕೈಗೆತ್ತಿಕೊಂಡರು, ನಾನು ಕೇಳಲಿಲ್ಲ. ನಿನ್ನೆ ಎರಡು ಕುಡ್ತೆ ಬೆಳ್ತಿಗೆ ಅಕ್ಕಿ ನೆನೆಸಿ, ಕಾಯಿತುರಿ ಹಾಕಿ ಅರೆದು, ಬೆಲ್ಲವನ್ನೂ ಕಳಿತ ಬಾಳೆಹಣ್ಣನ್ನೂ ಸೇರಿಸಿ ಪರೀಕ್ಷೆಗೆಂದು ಅಪ್ಪ ಹೊಯ್ದೆವು. ಮೊದಲನೆಯ ಒಬ್ಬೆ ಪೂರ್ತಿ ಕಚ್ಚಿಕೊಂಡಿತು. ಮೂರನೆಯದಕ್ಕೆ ತೆಂಗಿನ ಕಡ್ಡಿ ತಾಗಿಸಿದರೆ ಸಾಕು, ತಾನಾಗಿ ಮಗುಚಿಕೊಳ್ಳುತ್ತಿತ್ತು. ನಡುವಿನ ಗುಳಿಯೊಂದು ಮಾತ್ರ ಇನ್ನೂ ಹಟ ಬಿಟ್ಟಿಲ್ಲ. ಅದಕ್ಕೆ ಈ ರಾತ್ರಿ ತುಪ್ಪ ಸವರಿ ಇಟ್ಟಿದ್ದೇನೆ.